ಕಿಹ್ವೇಲೆಯ ದುರ್ಬೀನು ಕೋವಿ

ನಮ್ಮ ನ್ಗೋನಿ ಜನಕ್ಕೂ ಹೇಹೆ ಜನಕ್ಕೂ ಅಜ್ಜಂದಿರ ಕಾಲದಲ್ಲಿ ಘೋರ ಯುದ್ಧ ನಡೆದಿತ್ತು. ಅದು ಮುಗಿದ ಮೇಲೆ ಉಳಿದದ್ದು ಉತಾನಿ ಎಂಬ ತಮಾಷೆಯ ನಂಟು. ಒಬ್ಬರನ್ನೊಬ್ಬರು ಏನು ಬೇಕಾದರೂ ಹೀಯಾಳಿಸಬಹುದು, ಸಾಯಿ ಎಂದೂ ಅನ್ನಬಹುದು, ಅನ್ನಿಸಿಕೊಂಡವನು ನಗಬೇಕು. ಹೇಹೆಯವನಾದ ಕಿಹ್ವೇಲೆಗೂ ನನಗೂ ಇದ್ದದ್ದು ಅದೇ ನಂಟು. ರುಂಗ್ವಾ ಕಾಡಿನ ಬೇಟೆ ಶಿಬಿರದಲ್ಲಿ ನಾನು ಕೋವಿಗಳನ್ನು ನೋಡಿಕೊಳ್ಳುತ್ತಿದ್ದೆ. ಬಂದ ಅತಿಥಿಗಳು ಗಾಯ ಮಾಡಿ ಬಿಟ್ಟ ಪ್ರಾಣಿಯ ಹಿಂದೆ ಮೆಳೆಯೊಳಗೆ ನುಗ್ಗಿ ಮುಗಿಸುವ ಕೆಲಸ ಅವನದು.

ಅದಕ್ಕೆ ಅವನ ಕೈಯಲ್ಲಿ ಸದಾ ಭಾರದ ಹಳೆಯ ರೈಫಲ್ ಇರುತ್ತಿತ್ತು. ಗುರಿ ಹಿಡಿಯಲು ಹಿಂದೊಂದು ಅಗಲವಾದ ಕಚ್ಚು, ನಳಿಗೆಯ ತುದಿಗೊಂದು ಬಿಳಿ ಮಣಿ, ಅಷ್ಟೇ. ಈಚೆಗೆ ಆ ಕಚ್ಚು ಅವನ ಕಣ್ಣಿಗೆ ಮಂಜಾಗತೊಡಗಿತ್ತು. ಒಪ್ಪಿಕೊಂಡರೆ ಹೇಹೆಯ ಜಂಬ ಏನಾಗಬೇಕು! ಸದ್ದಿಲ್ಲದೆ ಹಗುರದ ರೈಫಲ್ ಒಂದಕ್ಕೆ ದುರ್ಬೀನು ಕೂರಿಸಿಕೊಂಡ. ದೂರದ ಮರಕ್ಕೆ ಕಟ್ಟಿದ ಕಾಗದದ ನಡುವಿಗೇ ಗುಂಡು ಹೊಡೆದು ನನ್ನತ್ತ ಮೀಸೆ ತಿರುವಿದ.

"ಮರ ನಿನ್ನ ಮೇಲೆ ಓಡಿ ಬರಲ್ವಲ್ಲೋ" ಎಂದೆ. "ಮೆಳೆಯೊಳಗೆ ಕಾಡುಕೋಣ ಮೂಗಿಗೆ ಮೂಗು ತಾಗಿಸಿದಾಗ ಇದರಲ್ಲಿ ಬರೀ ಕರೀ ಕೂದಲು ಕಾಣ್ಸುತ್ತೆ. ಅದು ಹೊಟ್ಟೇನೋ ತಲೇನೋ ಅಂತ ಹುಡುಕೋಷ್ಟ್ರಲ್ಲಿ ನೀನು ಕೊಂಬಿನ ಮೇಲಿರ್ತೀಯ."

"ದನಗಳ್ಳ ನ್ಗೋನಿ! ಈಗ ನನ್ನ ಕೋವಿ ಮೇಲೂ ಕಣ್ಣು ಬಿತ್ತಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಶಿಬಿರದಲ್ಲೇ ಅಡುಗೆ ಮಾಡುತ್ತಿದ್ದ ಅವನ ಹೆಂಡತಿ ಸಿಕುಜುವಾ ನಗಲಿಲ್ಲ. ಉಗಾಲಿ ಮುದ್ದೆ ತಿರುವುತ್ತಿದ್ದ ಸೌಟು ಬಿಟ್ಟು ನನ್ನ ಹಿಂದೆ ಬಂದಳು.

"ಗಾಮಾ, ಅದು ತಮಾಷೆನಾ, ನಿಜಾನಾ?"

"ನಿಜ ಅತ್ತಿಗೆ."

"ಹಂಗಾದ್ರೆ ನಗದೆ ಹೇಳಪ್ಪ ಅವರಿಗೆ."

ಹೋಗಿ ಹಳೆಯ ರೈಫಲನ್ನು ಅವನ ತೊಡೆಯ ಮೇಲಿಟ್ಟೆ. "ಗಾಯದ ಕೋಣದ ಹಿಂದೆ ಹೋಗುವಾಗ ಇದನ್ನೇ ಒಯ್ಯಿ. ಕಚ್ಚು ಮಂಜಾದ್ರೆ ಆಗ್ಲಿ, ಅಷ್ಟು ಹತ್ರದಲ್ಲಿ ಮಣಿ ಒಂದು ಕಂಡ್ರೆ ಸಾಕು. ನಿನ್ನ ಕಾಲು ಹಿಡೀತೀನಿ ಮಾರಾಯ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಶಿಬಿರವೇ ಕೇಳುವಂತೆ ಕೂಗಿದ: "ಬನ್ರೋ ಬನ್ರೋ, ನ್ಗೋನಿ ಕಾಲು ಹಿಡಿಯೋ ಆಟ ಆಡ್ತಿದಾನೆ!" ಎಲ್ಲರೂ ಬಂದು ನಕ್ಕರು. ನಾವಿಬ್ಬರೂ ಜನ್ಮದಲ್ಲಿ ಒಂದು ನೆಟ್ಟನೆಯ ಮಾತು ಆಡಿದ್ದಿಲ್ಲ. ಈಗ ಆಡಿದರೆ ಅವನಿಗೆ ಗುರುತು ಹತ್ತುವುದಾದರೂ ಹೇಗೆ?

ಆ ವಾರವೇ ಅತಿಥಿಯೊಬ್ಬ ಕೋಣದ ಹೊಟ್ಟೆಗೆ ಹೊಡೆದ. ಅದು ರಕ್ತ ಸುರಿಸುತ್ತ ಮುಳ್ಳುಮೆಳೆ ಹೊಕ್ಕಿತು. ಗಾಳಿ ನಿಂತಿತ್ತು. ಕಿಹ್ವೇಲೆ ದುರ್ಬೀನಿನ ಕೋವಿ ಹಿಡಿದು ಒಳಗೆ ಹೋದ. ನಾನು ಜೀಪಿನ ಪಕ್ಕದಲ್ಲಿ ನಿಂತಿದ್ದೆ. ಕೋಣದ ಬೆನ್ನ ಮೇಲೆ ಕೂರುವ ಹಕ್ಕಿಗಳು ಕಿರುಚುತ್ತ ಎದ್ದವು. ಕೊಂಬೆಗಳು ಮುರಿದವು. ಒಂದೇ ಒಂದು ಗುಂಡು ಕೇಳಿಸಿತು.

ಗುಂಡು ಮರದ ತುದಿಗೆ ತಗುಲಿತ್ತು. ದೂರದ್ದನ್ನು ಹತ್ತಿರ ತರುವ ದುರ್ಬೀನಿನ ಉಂಗುರ, ಮರದ ಕಾಗದಕ್ಕೆ ಹೊಡೆದಾಗ ಪೂರ್ತಿ ತಿರುಗಿಸಿದ್ದಂತೆಯೇ ಇತ್ತು. ಅವನನ್ನು ಕಂಬಳಿಯಲ್ಲಿ ಸುತ್ತಿ ಊರಿಗೆ ತಂದೆವು.

ಹೂಳುವ ಮುಂಚೆ ಉತಾನಿಯವನು ಗುಂಡಿಗೆ ಇಳಿದು ಮಲಗಬೇಕು, ಸತ್ತವನನ್ನು ಅಣಕಿಸಿ ಅಳುವವರನ್ನು ನಗಿಸಬೇಕು. ಇಳಿದು ಮಲಗಿದೆ. ಎಲ್ಲರೂ ಬಗ್ಗಿ ಕಾದರು. ಬಾಯಿ ತೆರೆದರೆ ಮಾತು ಬರಲಿಲ್ಲ, ಅಳು ಬಂತು. ಎದೆ ಬಡಿದುಕೊಂಡು ಅತ್ತೆ.

ಮೇಲಿದ್ದವರು ಬಿದ್ದು ಬಿದ್ದು ನಕ್ಕರು. "ಅಬ್ಬಾ, ಈ ನ್ಗೋನಿ ಎಷ್ಟು ಚೆನ್ನಾಗಿ ಅಳ್ತಾನೆ!" ಎಂದರು ಯಾರೋ. ಸಿಕುಜುವಾ ಒಬ್ಬಳೇ ಮಂಡಿಯೂರಿ ಗುಂಡಿಯೊಳಗೆ ನನ್ನತ್ತ ಕೈ ಚಾಚಿದಳು.