ನಸೀಮಾಳ ತವರಿನ ಮೇಲೆ ನಾನು ಹೊರಿಸಿದ ರೋಗ

ನಾನು ಸುಳ್ಳು ಹೇಳಿದೆ. ತಿಳಿಯದೆ ಆದ ತಪ್ಪಲ್ಲ, ಬಾಯಿ ತಪ್ಪಿ ಬಂದ ಮಾತೂ ಅಲ್ಲ — ನಿಜ ಏನೆಂದು ಚೆನ್ನಾಗಿ ಗೊತ್ತಿದ್ದು, ಸುಮಾರು ಮೂವತ್ತು ಹೆಂಗಸರ ಮುಂದೆ, ನಗುತ್ತಾ ಹೇಳಿದ ಸುಳ್ಳು. ಅದರಿಂದ ರಾಣೆಬೆನ್ನೂರಿನ ಒಬ್ಬ ಹುಡುಗಿಯ ಮದುವೆ ಮುರಿಯಿತು. ಆ ಹುಡುಗಿಯನ್ನು ನಾನು ಕಣ್ಣಾರೆ ನೋಡಿಯೂ ಇಲ್ಲ.

ಡೆಟ್ರಾಯಿಟ್ ಹತ್ತಿರದ ಒಂದು ಕಾಲೇಜಿನಲ್ಲಿ ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದೆ. ಲಸಿಕೆಗೆ ಹೆದರುವ ಜನರ ಜೊತೆ ಹೇಗೆ ಮಾತಾಡಬೇಕು, ಅವರಿಗೆ ನಂಬಿಕೆ ಬರುವಂತೆ ಹೇಗೆ ಹೇಳಬೇಕು — ಇದೇ ನನ್ನ ವಿಷಯ. ನಗಬೇಕೆನಿಸಿದರೆ ನಗಿ. ನನಗಂತೂ ಈಗ ನನ್ನ ಹಳೆಯ ಪಾಠದ ಟಿಪ್ಪಣಿಗಳನ್ನು ನೋಡಿದರೆ ಮೈ ಉರಿಯುತ್ತದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಲ್ಲೇ ಹತ್ತಿರದ ವಾರೆನ್‌ನ ಒಂದು ಶಾಲೆಯ ಕೆಫೆಟೀರಿಯಾದಲ್ಲಿ ಕನ್ನಡ ಸಂಘದ ರಾಜ್ಯೋತ್ಸವ. ಊಟದ ಸಾಲಿನ ಪಕ್ಕದಲ್ಲಿ ನನ್ನದೊಂದು ಮೇಜು: ಬಿ.ಪಿ. ನೋಡುವುದು, ಮಕ್ಕಳ ಚುಚ್ಚುಮದ್ದಿನ ಬಗ್ಗೆ ಕೇಳಿದವರಿಗೆ ಹೇಳುವುದು. ಸಹಾಯಕ್ಕೆ ಅನಿತಾ ಬಂದಿದ್ದಳು — ಇಲ್ಲೇ ಹುಟ್ಟಿ ಬೆಳೆದ ನಮ್ಮವರ ಹುಡುಗಿ, ನನ್ನ ವಿದ್ಯಾರ್ಥಿನಿ. ಈ ದೇಶದಲ್ಲಿ ಪ್ರತಿ ಚುಚ್ಚುಮದ್ದಿಗೂ ಒಂದು ಸರ್ಕಾರಿ ಹಾಳೆ ಇರುತ್ತದೆ. ಉಪಯೋಗವೇನು, ಏನೇನು ತೊಂದರೆ ಆಗಬಹುದು, ಎರಡನ್ನೂ ಬರೆದಿರುತ್ತಾರೆ. ಅನಿತಾ ಅವನ್ನೆಲ್ಲ ಮೇಜಿನ ಮೇಲೆ ಒಪ್ಪವಾಗಿ ಜೋಡಿಸಿದಳು. ನಾನು ತೆಗೆಸಿದೆ.

"ಇದನ್ನೆಲ್ಲ ಕೆಳಗಿಡಮ್ಮ. ನಮ್ಮ ಜನ ಒಳ್ಳೇದು ಬಿಟ್ಟು ಹೆದರಿಕೆ ಹುಟ್ಟಿಸೋದನ್ನ ಮಾತ್ರ ಓದ್ತಾರೆ," ಅಂದೆ. ನಮ್ಮ ಜನ! ಎಷ್ಟು ಸಲೀಸಾಗಿ ಬಂತು ಆ ಮಾತು.

ನಸೀಮಾ ಬಂದದ್ದು ಊಟವಾದ ಮೇಲೆ. ಗಂಡ ಅಲ್ಲೇ ಕಾರಿನ ಕಂಪನಿಯೊಂದರಲ್ಲಿ ಎಂಜಿನಿಯರ್. ಕಂಕುಳಲ್ಲಿ ಎರಡು ತಿಂಗಳ ಮಗಳು, ಪಕ್ಕದಲ್ಲಿ ಊರಿನಿಂದ ಬಾಣಂತನಕ್ಕೆ ಬಂದಿದ್ದ ಅತ್ತೆ. ಸುತ್ತ ಬಿ.ಪಿ. ನೋಡಿಸಿಕೊಳ್ಳಲು ಕುರ್ಚಿ ಎಳೆದುಕೊಂಡು ಕೂತ ಹೆಂಗಸರು. ಅವಳು ಮೆಲ್ಲಗೇ ಕೇಳಿದಳು.

"ಆಂಟಿ, ನನ್ನ ಮಗ ಸಣ್ಣಾವಿದ್ದಾಗ ಊರಾಗ ಟ್ರಿಪಲ್ ಇಂಜೆಕ್ಷನ್ ಹಾಕ್ಸಿದ್ವಿ. ಅವತ್ತು ಸಂಜೀಕ ಮೈ ಸುಡು ಜ್ವರ ಬಂದು ಫಿಟ್ಸ್ ಬಂತು. ಈಗ ಆರಾಮ ಅದಾನ. ಈಕಿಗೂ ಹಂಗ ಆಗ್ತೈತೇನ್ರಿ?"

ಇದಕ್ಕೆ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೌದಮ್ಮ, ಆ ಜ್ವರಕ್ಕೆ ಅಪರೂಪಕ್ಕೆ ಫಿಟ್ಸ್ ಬರುತ್ತದೆ. ನೋಡಿದವರ ಜೀವ ಬಾಯಿಗೆ ಬರುತ್ತದೆ, ಆದರೆ ಸಾಮಾನ್ಯವಾಗಿ ಮಗುವಿಗೆ ಏನೂ ಉಳಿಯುವುದಿಲ್ಲ. ನಾಯಿಕೆಮ್ಮು, ಗಂಟಲಮಾರಿ, ಧನುರ್ವಾಯುವಿಗೆ ಇಲ್ಲಿ ಹಾಕುವ ಟ್ರಿಪಲ್ ಬೇರೆ ಬಗೆಯದು, ಅದಕ್ಕೆ ಜ್ವರ ಕಡಿಮೆ. ಡಾಕ್ಟರಿಗೆ ಮಗನ ವಿಷಯ ಮೊದಲೇ ಹೇಳು. ಇಷ್ಟೇ. ಒಂದು ನಿಮಿಷದ ಮಾತು. ಆದರೆ ಸುತ್ತಲಿನ ಮಾತೆಲ್ಲ ನಿಂತಿತ್ತು, ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಹೌದು ಎಂದರೆ ಇವರೆಲ್ಲ ಫಿಟ್ಸ್ ಎಂಬ ಒಂದು ಮಾತನ್ನಷ್ಟೇ ಮನೆಗೆ ಒಯ್ಯುತ್ತಾರೆ ಎಂದುಕೊಂಡೆ. ಮತ್ತೆ — ಇದನ್ನೂ ಹೇಳಿಬಿಡುತ್ತೇನೆ — ನನ್ನ ಮೇಜಿನ ಮುಂದೆ ನಿಂತು ಹೀಗೆ ಕೇಳಿದಳಲ್ಲ ಎಂದು ಸಿಟ್ಟು ಬಂತು.

"ಇಂಜೆಕ್ಷನ್‌ಗೆಲ್ಲ ಫಿಟ್ಸ್ ಬರಲ್ಲಮ್ಮ," ಎಂದು ನಕ್ಕೆ. "ನಿನ್ನ ತವರಲ್ಲಿ ಯಾರಿಗಾದ್ರೂ ಮೂರ್ಛೆ ರೋಗ ಇದ್ಯಾ? ಮೊದಲು ಅದನ್ನ ವಿಚಾರಿಸು."

ಒಂದಿಬ್ಬರು ನಕ್ಕರು. ಅವಳ ಅತ್ತೆ ನಗಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಸೊಸೆಯ ಮುಖವನ್ನು ನೋಡಿದರು. ಅವರು ಹೋದ ಮೇಲೆ ಅನಿತಾ ನನ್ನ ಕಡೆ ಬಗ್ಗಿ, "ಬಟ್ ಇಟ್ಸ್ ಆನ್ ದ ಶೀಟ್, ಪ್ರೊಫೆಸರ್," ಅಂದಳು. ಫಿಟ್ಸಿನ ಮಾತು ನಾನು ಕೆಳಗಿಡಿಸಿದ ಹಾಳೆಯಲ್ಲೇ ಇತ್ತು. ಎಲ್ಲಿ ಏನು ಮಾತಾಡಬೇಕೆಂಬುದನ್ನು ಕಲಿ ಎಂದು ಅವಳ ಬಾಯಿ ಮುಚ್ಚಿಸಿದೆ. ಆ ಸೆಮಿಸ್ಟರ್ ಅವಳ ಮೌಲ್ಯಮಾಪನದಲ್ಲಿ, ಜನರ ಜೊತೆ ವ್ಯವಹರಿಸುವ ಜಾಣತನ ಸಾಲದು ಎಂದೂ ಬರೆದೆ.

ಎರಡು ವಾರ ಕಳೆದಿತ್ತು. ಮಧ್ಯಾಹ್ನ ನಸೀಮಾ ಒಬ್ಬಳೇ ಡ್ರೈವ್ ಮಾಡಿಕೊಂಡು ನಮ್ಮ ಮನೆಗೆ ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ. ಕೈಯಲ್ಲಿ ಅದೇ ಹಾಳೆ, ಡಾಕ್ಟರ ಕ್ಲಿನಿಕ್ಕಿನಲ್ಲಿ ಕೊಟ್ಟದ್ದು.

"ಇದನ್ನ ಓದೀರೇನ್ರಿ ಆಂಟಿ?"

ಚುಚ್ಚುಮದ್ದು ಬೇಡವೆಂದು ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡೆ. ವಾದಕ್ಕೆ ಸಿದ್ಧಳಾಗಿಯೇ ನಿಂತೆ.

"ಮುಂಜಾನೆ ಮಗಳಿಗೆ ಹಾಕ್ಸಿಕೊಂಡ ಬಂದೆ," ಅಂದಳು. "ಇದರಾಗ ಖರೇ ಬರದಾರ. ಜ್ವರ ಬರಬಹುದು, ಅಪರೂಪಕ್ಕ ಫಿಟ್ಸೂ ಬರಬಹುದು, ಬಂದ್ರ ಏನ್ ಮಾಡಬೇಕು, ಎಲ್ಲಾ ಐತಿ. ಇದನ್ನ ಓದಿ ಧೈರ್ಯ ಬಂತು. ನಿಮ್ಮ ಮಾತೊಂದ ಕೇಳಿ ಕುಂತಿದ್ರ, ಏನೋ ಮುಚ್ಚಿಡಾಕತ್ತಾರ ಅಂತ ಹೆದರಿ ಹಾಕ್ಸ್ತಾನ ಇರಲಿಲ್ಲ."

ಆ ಕ್ಷಣ ನನಗಾದದ್ದು ಸಂತೋಷವಲ್ಲ. ಒಂದು ಮಗುವಿಗೆ ಲಸಿಕೆ ಸಿಕ್ಕಿದೆ, ನರ್ಸ್ ಆದವಳಿಗೆ ಸಂತೋಷವಾಗಬೇಕು — ನನಗೆ ಕೆನ್ನೆಗೆ ಹೊಡೆದಂತಾಯಿತು. ನಾನು ಬಚ್ಚಿಟ್ಟದ್ದೇ ಅವಳಿಗೆ ಧೈರ್ಯ ಕೊಟ್ಟಿತ್ತು.

ಆದರೆ ಅವಳು ಬಂದದ್ದು ಅದನ್ನು ಹೇಳಲಿಕ್ಕಲ್ಲ. ರಾಣೆಬೆನ್ನೂರಿನಲ್ಲಿದ್ದ ತಂಗಿ ರುಬೀನಾಳನ್ನು ನಸೀಮಾಳ ಮೈದುನನಿಗೇ ಕೊಡುವುದೆಂದು ಮಾತಾಗಿತ್ತು. ಅಕ್ಕತಂಗಿಯರು ಒಂದೇ ಮನೆ ಸೇರುವ ಸಂಬಂಧ. ಅಂದು ರಾಜ್ಯೋತ್ಸವದಿಂದ ಮನೆಗೆ ಹೋದವರೇ ಅತ್ತೆ ಊರಿಗೆ ಫೋನ್ ಹಚ್ಚಿದ್ದರು. ಸೊಸೆಯ ತವರಲ್ಲಿ ಮೂರ್ಛೆ ರೋಗ ಐತಂತ, ಅಮೆರಿಕದ ದೊಡ್ಡ ನರ್ಸೇ ಎಲ್ಲರ ಮುಂದೆ ಕೇಳಿದಳು, ಎಂದು. ನಸೀಮಾಳಿಗೆ ಬೇಕಾದದ್ದು ಒಂದೇ. ನಾನು ಅವಳ ಅತ್ತೆಯ ಹತ್ತಿರ ಮಾತಾಡಿ, ಅದು ಜ್ವರಕ್ಕೆ ಬಂದದ್ದು, ಮನೆತನದ ರೋಗವಲ್ಲ ಎಂದು ಹೇಳಬೇಕು. "ನಾ ಹೇಳಿದ್ರ ನಂಬಂಗಿಲ್ಲ. ಕಾಗದ ತೋರಿಸಿದ್ರ ಇಂಗ್ಲಿಷ್ ಬರಂಗಿಲ್ಲ. ನಿಮ್ಮ ಮಾತು ಕೇಳ್ತಾರ."

ನಾನು ಹೋಗಬಹುದಿತ್ತು. ಹನ್ನೆರಡು ಮೈಲಿ. ಆದರೆ ಹೋದರೆ ಅಂದು ಹೇಳಿದ್ದು ಸುಳ್ಳೆಂದು ಒಪ್ಪಬೇಕು, ಅದು ಸಂಘದಲ್ಲೆಲ್ಲ ಹಬ್ಬುತ್ತದೆ, ಆಮೇಲೆ ನನ್ನ ಮೇಜಿನ ಹತ್ತಿರ ಯಾರು... ಇಲ್ಲ, ಬಿಡಿ. ನನ್ನ ಮರ್ಯಾದೆಗೆ ಹೆದರಿದೆ. ಲಸಿಕೆಯ ಹೆಸರು ಸುಮ್ಮನೆ ಮುಂದಿಟ್ಟುಕೊಂಡೆ.

"ನಿಮ್ಮನೆ ವಿಷಯಕ್ಕೆ ನಾನು ತಲೆ ಹಾಕಲ್ಲಮ್ಮ," ಅಂದೆ. "ಇದ್ಯಾ ಅಂತ ಕೇಳಿದೆ ಅಷ್ಟೆ. ಇದೆ ಅಂತ ನಾನೇನೂ ಹೇಳಲಿಲ್ವಲ್ಲ?"

ಅವಳು ನನ್ನನ್ನೇ ನೋಡಿದಳು. ಇನ್ನೊಂದು ಸಲ ಬೇಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. "ನಿಮ್ಮ ಕೈಯಾಗ ಕಲತ ಹುಡುಗ್ಯಾರ ಗತಿ ಏನ್ರಿ," ಎಂದಷ್ಟೇ ಹೇಳಿ ಕಾರು ಹತ್ತಿದಳು.

ಸಂಬಂಧ ಮುರಿಯಿತು. ಮುಂದೆ ರುಬೀನಾಳನ್ನು ನೋಡಲು ಬಂದವರೆಲ್ಲ ಮೊದಲಿನದು ಯಾಕೆ ತಪ್ಪಿತು ಎಂದು ವಿಚಾರಿಸಿದರು, ಕಾರಣ ಕೇಳಿ ಎದ್ದು ಹೋದರು. ಇದೆಲ್ಲ ನನ್ನ ಕಿವಿಗೆ ಬೀಳುತ್ತಲೇ ಇತ್ತು. ನಾನು ಮಾತ್ರ, ನಸೀಮಾ ಜಗಳಗಂಟಿ, ಮನೆ ಬಾಗಿಲಿಗೆ ಬಂದು ಕೂಗಾಡಿದಳು ಎಂದು ಹೇಳಿಕೊಂಡು ತಿರುಗಿದೆ. ಅವಳು ಕೂಗಾಡಿರಲಿಲ್ಲ. ಅವಳು ಸಂಘಕ್ಕೆ ಬರುವುದನ್ನು ಬಿಟ್ಟಾಗ ನನಗೆ ಹಾಯೆನಿಸಿತು.

ಎಂಟು ವರ್ಷ ಹೀಗೇ ಕಳೆದೆ. ಈ ಬೇಸಿಗೆಯಲ್ಲಿ ಅತ್ತೆ ಮತ್ತೆ ವಾರೆನ್‌ಗೆ ಬಂದಿದ್ದಾರೆಂದು ತಿಳಿದು ಫೋನ್ ಮಾಡಿದೆ. ಎತ್ತಿದ್ದು ನಸೀಮಾ. ನನ್ನ ಹೆಸರು ಕೇಳಿದವಳೇ ಫೋನನ್ನು ಅತ್ತೆಯ ಕೈಗೆ ಕೊಟ್ಟಳು. ಅವರಿಗೆ ಎಲ್ಲವನ್ನೂ ಹೇಳಿದೆ. ನನಗೆ ಅಂದೇ ಗೊತ್ತಿತ್ತು ಎಂಬುದನ್ನೂ ಹೇಳಿದೆ.

"ಸಿಸ್ಟರ್, ಸುಳ್ಳನ್ನ ಅಷ್ಟ ಮಂದಿ ಮುಂದ ಹೇಳಿದ್ರಿ," ಅಂದರು. "ಖರೇನ ನನ್ನ ಒಬ್ಬಾಕಿ ಕಿವ್ಯಾಗ ಹೇಳ್ತೀರೇನು?"

ಫೋನ್ ಇಟ್ಟುಬಿಟ್ಟರು. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಅದಕ್ಕೇ ಇದನ್ನು ಬರೆದು, ಹೆಸರು ಹಾಕಿ, ಸಂಘದ ಸಂಚಿಕೆಗೆ ಕೊಡುತ್ತಿದ್ದೇನೆ. ಅಂದು ನನ್ನ ಮೇಜಿನ ಸುತ್ತ ಕೂತಿದ್ದವರೇ, ಕೇಳಿ. ನಸೀಮಾಳ ತವರಿನಲ್ಲಿ ಯಾರಿಗೂ ಮೂರ್ಛೆ ರೋಗವಿಲ್ಲ. ಮಗುವಿಗೆ ಬಂದದ್ದು ಜ್ವರದ ಫಿಟ್ಸ್. ನೀವು ಅದನ್ನು ಯಾರ್ಯಾರಿಗೆ ಹೇಳಿದ್ದಿರೋ ಅವರಿಗೆಲ್ಲ ಇದನ್ನೂ ಹೇಳಿ, ಆ ಸುಳ್ಳು ಹೇಳಿದವಳು ನಾನೇ ಎಂದೂ ಹೇಳಿ. ಇದರಿಂದ ಏನಾದರೂ ಸರಿಹೋಗುತ್ತದೆಂಬ ಭ್ರಮೆ ನನಗಿಲ್ಲ. ರುಬೀನಾ ಊರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಾ ಇನ್ನೂ ಒಬ್ಬಳೇ ಇದ್ದಾಳೆ. ಅವಳನ್ನು ಮದುವೆಯಾಗಬೇಕಿದ್ದ ಆ ಮೈದುನನಿಗೆ ಈಗ ಇಬ್ಬರು ಮಕ್ಕಳು.