ತಿಳಿ ಬೂದಿ ಬಣ್ಣ

ಚನ್ನಗಿರಿಯ ಬಸ್ ನಿಲ್ದಾಣದ ಹಿಂದೆ ತಗಡಿನ ಚಪ್ಪರ ಹಾಕಿಕೊಂಡು ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದ ಉಚ್ಚಂಗೆಪ್ಪನಿಗೆ ಒಂದು ಜಂಬವಿತ್ತು. ತಾನು ಹೊಡೆದ ಬಣ್ಣ ಎದ್ದು ಬರುವುದಿಲ್ಲ ಅಂತ. "ತಗಡು ತುಕ್ಕು ಹಿಡಿದು ಹೋದೀತು, ನನ್ನ ಬಣ್ಣ ಹೋಗಾಕಿಲ್ಲ" ಅನ್ನುತ್ತಿದ್ದ. ಆ ಹಾಳು ಜಂಬ ಒಂದಿಲ್ಲದಿದ್ದರೆ ಅವನ ಗೆಳೆಯ ತಿಪ್ಪೇಶಪ್ಪ ಬದುಕಿರುತ್ತಿದ್ದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಕಥೆ ಕಟ್ಟುವುದು ನನಗೆ ಬರುವುದಿಲ್ಲ.

ತಿಪ್ಪೇಶಪ್ಪ ಅವನ ಓರಗೆಯವನು, ಇಬ್ಬರದೂ ಒಂದೇ ಕೇರಿ. ಸಂತೇಬೆನ್ನೂರಿನ ಅಡಿಕೆ ವ್ಯಾಪಾರಿ ನಾಗರಾಜಪ್ಪನವರ ಕಾರಿಗೆ ಡ್ರೈವರ್ ಆಗಿದ್ದ. ಅದು ನಾಗರಾಜಪ್ಪನವರ ತಂದೆ ತರಿಸಿದ್ದ ಇಂಗ್ಲೆಂಡಿನ ಹಳೇ ಕಾರು, ಗುಂಡಗೆ, ಆಮೆಯ ಹಾಗೆ. ಎಪ್ಪತ್ತೆಂಟರ ಆಯುಧಪೂಜೆಗೆ ಹತ್ತು ದಿನ ಇದೆ ಅನ್ನುವಾಗ ಅದನ್ನು ಉಚ್ಚಂಗೆಪ್ಪನ ಚಪ್ಪರಕ್ಕೆ ತಂದರು. ಹೊರಮೈ ಚೆನ್ನಾಗಿಯೇ ಇತ್ತು. ಬಾನೆಟ್ಟಿನ ಒಳಗೆ, ಎಂಜಿನ್ ಕೂರುವ ಗೂಡು ಮಾತ್ರ ಬಣ್ಣ ಸುಟ್ಟು ಕರಕಲಾಗಿತ್ತು. ಪೂಜೆಯ ದಿನ ಬಾನೆಟ್ ತೆಗೆದು ಎಲ್ಲರ ಮುಂದೆ ಆರತಿ ಎತ್ತುವುದಲ್ಲವೇ, ಒಳಗೂ ಲಕ್ಷಣವಾಗಿ ಕಾಣಬೇಕು ಎಂಬುದು ಯಜಮಾನರ ಆಸೆ.

"ಕರಿ ಬಣ್ಣ ಹೊಡದುಬಿಡಪ್ಪ, ಕೊಳೆ ಕಾಣಾಕಿಲ್ಲ" ಎಂದರು ನಾಗರಾಜಪ್ಪ.

"ಕೊಳೆ ಕಾಣಬೇಕ್ರೀ ಸಾಹುಕಾರ್ರೆ" ಎಂದ ಉಚ್ಚಂಗೆಪ್ಪ. "ಕರಿ ಬಣ್ಣದ ಮ್ಯಾಲೆ ಎಣ್ಣೆ ಸೋರಿದ್ರೆ ಯಾವ ದೇವರಿಗೂ ಗೊತ್ತಾಗಾಕಿಲ್ಲ. ತಿಳಿ ಬೂದಿ ಬಣ್ಣ ಹೊಡಿಯಾಣ. ಒಂದು ಹನಿ ಬಿದ್ರೂ ಎದ್ದು ಕಾಣತೈತೆ. ಗಾಡಿ ಓಡ್ಸೋನ ಜೀವಕ್ಕೆ ಅದು ಒಳ್ಳೇದು."

ಪಕ್ಕದಲ್ಲಿ ನಿಂತಿದ್ದ ತಿಪ್ಪೇಶಪ್ಪ, "ನನ್ನ ಮ್ಯಾಲೆ ಇವನಿಗೆ ಹೆಂಡ್ತಿಗಿಂತ ಕಾಳಜಿ ನೋಡ್ರಿ" ಎಂದು ನಕ್ಕ. ಯಜಮಾನರು ಒಪ್ಪಿದರು.

ಮಳೆ ಹಿಡಿದುಕೊಂಡಿತು. ತುಕ್ಕು ಉಜ್ಜಿ ಹೊಡೆದ ಮೊದಲ ಕೋಟು ಆರಲೇ ಇಲ್ಲ. ಇನ್ನೆರಡು ದಿನ ಬಿಟ್ಟು ಮೇಲಿನ ಕೋಟು ಹೊಡೆಯಬೇಕಾಗಿತ್ತು. ಆದರೆ ಪೂಜೆ ನಿಲ್ಲುತ್ತದೆಯೇ? ಹಸಿಯ ಮೇಲೇ ಹೊಡೆದು ಕಳಿಸಿಕೊಟ್ಟ. ಯಾರಿಗೂ ಹೇಳಲಿಲ್ಲ. ಪೂಜೆಯ ದಿನ ಬಾನೆಟ್ ಎತ್ತಿದಾಗ ಒಳಗೆಲ್ಲ ಮೋಡದ ಬಣ್ಣ, ನೋಡಿದವರೆಲ್ಲ ಹೊಗಳಿದರು. ಎಂಜಿನ್ನಿಗೆ ಕುಂಕುಮ ಹಚ್ಚಿದರು, ಎಳನೀರು ಚಿಮುಕಿಸಿದರು.

ಹದಿನೈದು ದಿನದ ಮೇಲೆ ತಿಪ್ಪೇಶಪ್ಪ ಕಾರು ತಂದು ನಿಲ್ಲಿಸಿ ಬಾನೆಟ್ ಎತ್ತಿದ. ಬ್ರೇಕ್ ಎಣ್ಣೆಯ ಡಬ್ಬಿಯ ಕೆಳಗೆ ಅಂಗೈಯಗಲ ಬಣ್ಣ ಬೊಬ್ಬೆ ಎದ್ದಿತ್ತು.

"ಏನೋ ಸೋರತೈತೆ ಅನ್ಸತೈತೆ ಕಣೋ ಉಚ್ಚಂಗಿ. ಮೆಕ್ಯಾನಿಕ್ಕಿಗೆ ತೋರಿಸ್ಲೇನು?"

ಹಸಿಯ ಮೇಲೆ ಹೊಡೆದದ್ದು ಮೇಲೆದ್ದಿದೆ ಎಂದೇ ಉಚ್ಚಂಗೆಪ್ಪ ತಿಳಿದ. ಜಾಗ ಮುಟ್ಟಿ ನೋಡಿದ, ಜಿಡ್ಡು ಹತ್ತಿತು. ಪೂಜೆಯ ಎಳನೀರು, ಕುಂಕುಮ ಅಂಟಿಕೊಂಡಿರಬೇಕು ಅಂದುಕೊಂಡ. ಬ್ರೇಕ್ ಎಣ್ಣೆ ಬಣ್ಣವನ್ನು ತಿನ್ನುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲವೇ? ಇಪ್ಪತ್ತು ವರ್ಷದಿಂದ ಗೊತ್ತಿತ್ತು. ಮಾನ ಹೋಗುತ್ತದೆ ಎನ್ನುವ ಹೊತ್ತಿನಲ್ಲಿ ಗೊತ್ತಿದ್ದದ್ದು ತಲೆಗೆ ಬರಲಿಲ್ಲ.

"ಸೋರಿಕೆ ಗೀರಿಕೆ ಏನಿಲ್ಲ, ನನ್ನ ಕೆಲಸದ ತಪ್ಪು. ಮೆಕ್ಯಾನಿಕ್ಕಿಗೆ ತೋರಿಸ್ಬ್ಯಾಡ ಮಾರಾಯ, ಊರೆಲ್ಲ ಸಾರ್ಕಂಡು ಬರ್ತಾನೆ" ಎಂದ. ಎಮರಿ ಪೇಪರಿನಲ್ಲಿ ಉಜ್ಜಿ, ಅದೇ ಬೂದಿ ಬಣ್ಣ ಹಚ್ಚಿ ಕಳಿಸಿದ. ಗೆಳೆಯನ ಮಾನ ತನ್ನದೇ ಎಂದುಕೊಂಡ ತಿಪ್ಪೇಶಪ್ಪ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಎಂಟನೇ ದಿನ ಹೊನ್ನಾಳಿ ದಾಟಿ ನ್ಯಾಮತಿಗೆ ಒಬ್ಬನೇ ಹೊರಟಿದ್ದ. ಸೂರಗೊಂಡನಕೊಪ್ಪದ ಕಡೆಯ ಇಳಿಜಾರಿನಲ್ಲಿ ಕಾರು ನಿಲ್ಲಲಿಲ್ಲ. ಹುಣಸೆಮರಕ್ಕೆ ಗುದ್ದಿತು, ತಿಪ್ಪೇಶಪ್ಪ ಅಲ್ಲೇ ಸತ್ತ. ಹಾಡುಹಗಲು, ಖಾಲಿ ರಸ್ತೆ. ಅಂಥ ರಸ್ತೆಯಲ್ಲಿ ಮರಕ್ಕೆ ಹೊಡೆದನೆಂದರೆ ಕುಡಿದಿರಬೇಕು ಎಂದು ಯಾರೋ ಅಂದರು. ಎರಡು ದಿನದಲ್ಲಿ ಅದೇ ನಿಜವಾಯಿತು. ನಾಗರಾಜಪ್ಪನವರೂ ಅದನ್ನೇ ನಂಬಿದರು.

ಕಾರು ಎಳೆದು ತಂದಾಗ ಉಚ್ಚಂಗೆಪ್ಪ ಬಾನೆಟ್ ಮೀಟಿ ನೋಡಿದ. ತಾನು ತೇಪೆ ಹಚ್ಚಿದ ಜಾಗ ಮತ್ತೆ ಬೊಬ್ಬೆ ಎದ್ದು, ಸಿಪ್ಪೆ ಸುಲಿದು, ಅದರ ಕೆಳಗೆ ಗೆರೆ ಎಳೆದ ಹಾಗೆ ಎಣ್ಣೆ ಇಳಿದಿತ್ತು. ಡಬ್ಬಿಯಲ್ಲಿ ಒಂದು ತೊಟ್ಟೂ ಇರಲಿಲ್ಲ. ಬೂದಿ ಬಣ್ಣ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಅವನು ಬಾನೆಟ್ ಮುಚ್ಚಿದ. ಗೆಳೆಯ ಕುಡಿದಿರಲಿಲ್ಲ ಎಂದು ಯಾರಿಗೂ ಹೇಳಲಿಲ್ಲ.

ಕಾರು ರಿಪೇರಿಯಾಗಿ ಬಂದಾಗ ಯಜಮಾನರು, "ಈ ಸಲ ಕರೀದೇ ಹೊಡಿ" ಎಂದರು. ಹೊಡೆದ. ಎರಡು ಕೋಟು, ಚೆನ್ನಾಗಿ ಆರಿಸಿ ಹೊಡೆದ. ಆಮೇಲೆ ಚಪ್ಪರ ಬಿಚ್ಚಿದ. ಜಗಳೂರಿನಲ್ಲಿ ಅಂಗಡಿ ಬೋರ್ಡು ಬರೆದುಕೊಂಡು ಏಳು ವರ್ಷ ಕಳೆದ. ಗಾಡಿ ಮುಟ್ಟಲಿಲ್ಲ.

ಎಂಬತ್ತಾರರಲ್ಲಿ, ಹಿರಿಯರ ಹಬ್ಬದ ಹಿಂದಿನ ದಿನ, ಬಸ್ಸು ಹತ್ತಿ ಚನ್ನಗಿರಿಗೆ ಬಂದ. ತಿಪ್ಪೇಶಪ್ಪನ ಹೆಂಡತಿ ಭೀಮಕ್ಕ ಎಡೆ ಇಡುವ ಜಾಗ ಸಾರಿಸುತ್ತಿದ್ದಳು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಹಸಿ ಬಣ್ಣ, ಬೊಬ್ಬೆ, ತೇಪೆ, ಕರಿ ಕೋಟು.

"ಅವ್ನು ಕುಡಿದಿರಲಿಲ್ಲ ಭೀಮಕ್ಕ. ಅವ್ನು ಕೇಳಿದ. ನಾನೇ ಬ್ಯಾಡ ಅಂದೆ."

ಭೀಮಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಸಗಣಿಯ ಕೈ ಹಾಗೇ ಹಿಡಿದುಕೊಂಡು ಅವನ ಕಡೆ ತಿರುಗಿದಳು.

"ಅಣ್ಣ," ಎಂದಳು, "ಏಳು ವರ್ಷ ಇಲ್ಲಿ ಎಡೆ ಇಟ್ಟೀನಿ. ಪ್ರತಿ ವರ್ಷಾನೂ, ಕುಡಿದು ಸತ್ತು ನನ್ನ ಬೀದಿಗೆ ಹಾಕಿದ್ಯಲ್ಲೋ ಅಂತ ಬೈದು ಇಟ್ಟೀನಿ. ಆ ಬೈಗಳಾನ ಈಗ ಹೆಂಗೆ ವಾಪಸ್ ತಗಳ್ಳಲಿ?"

ಅವಳು ತಿರುಗಿ ನೆಲ ಸಾರಿಸತೊಡಗಿದಳು.