ಗಾರ್ಡ್ ಡಬ್ಬಿಗೆ ಕೂಗಿದ ಚುಕ್ಕಿ ಸಾಹೇಬ್ರು

ಹೋದ ತಿಂಗಳು ನಾನೊಂದು ರೈಲ್ವೆ ಡಬ್ಬಿ ಸಲುವಾಗಿ ಗುರುತು ಪರಿಚಯ ಇಲ್ಲದ ಮನಷ್ಯಾನ ಕೂಡ ಜಿದ್ದಿಗೆ ಬಿದ್ದೆ. ಅಂವನ ಮುಖ ನೋಡಿಲ್ಲ. ಹೆಸರು ಗೊತ್ತಿಲ್ಲ. ಆದ್ರೂ ವಾರಗಟ್ಟಲೆ ಅಂವಗ ಶಾಪ ಹಾಕೇನಿ. ಡಬ್ಬಿ ಅಂದ್ರ ಖರೇ ಡಬ್ಬಿ ಅಲ್ಲರಿ. ಅಂಗೈಯಾಗ ಕುಂಡ್ರೂವಷ್ಟು ಆಟಿಗಿ ಡಬ್ಬಿ.

ಗಾಬರಿ ಆಗಬ್ಯಾಡ್ರಿ, ನನ್ನ ತಲಿ ನೆಟ್ಟಗ ಐತಿ. (ನಮ್ಮನಿಯವರಿಗೆ ಮಾತ್ರ ಆ ಬಗ್ಗೆ ಇನ್ನೂ ಅನುಮಾನ.) "ನಮ್ಮ ಹಾನಗಲ್ಲಿಗೆ ಇನ್ನೂ ರೈಲ ಬಂದಿಲ್ಲ, ನೀ ಆಗಲೇ ಡಬ್ಬಿ ತರಸಾಕತ್ತೀಯಲ್ಲ!" ಅಂತ ಅವರ ಚಾಷ್ಟಿ. ನಗಲಿ. ಆದ್ರ ಹಿರೇಕೆರೂರಾಗ ಒಬ್ಬರ ಎಡಗೈ ಆ ಒಂದು ಡಬ್ಬಿ ಮ್ಯಾಲ ನಿಂತಿತ್ತು.

ಹಿರೇಕೆರೂರಾಗ ನನ್ನ ಅಕ್ಕ ಅದಾಳ. ಅಕ್ಕನ ಗಂಡಗ ನಾವೆಲ್ಲಾ ಮಾಮಾ ಅಂತೇವಿ. ರೈಲ್ವೆದಾಗ ಗಾರ್ಡ್ ಆಗಿದ್ದವರು. ಜೀವನ ಪೂರಾ ಗೂಡ್ಸ್ ಗಾಡಿ ಹಿಂದಿನ ಡಬ್ಬ್ಯಾಗ ನಿಂತು ಹಸರು ನಿಶಾನಿ ತೋರಿಸಿದವರು. ರಿಟೈರ್ ಆದ ಮ್ಯಾಲ, ರೈಲಿನ ಸಪ್ಪಳ ಕಿವಿಗೆ ಬೀಳದ ಊರು ಬೇಕು ಅಂತ ಹಟ ಹಿಡದು ಹಿರೇಕೆರೂರಾಗ ಮನಿ ಮಾಡಿದ್ರು. ಈ ಮಳಿಗಾಲದ ಶುರುವಿಗೆ ಲಕ್ವಾ ಹೊಡೀತು. ಎಡಗಾಲು ಸುಧಾರಿಸ್ತು. ಎಡಗೈ ಸುಧಾರಿಸಲಿಲ್ಲ.

"ಈಗ ಬೆರಳು ಆಡಿಸಿದ್ರ ಕೈ ಬರ್ತತಿ. ಬಿಟ್ರಿ ಅಂದ್ರ ಹಂಗ ಸೆಟದು ನಿಂತಬಿಡ್ತತಿ," ಅಂತ ಫಿಜಿಯೋಥೆರಪಿ ಡಾಕ್ಟರು ಅಕ್ಕಗ ಹೇಳಿದ್ರು.

ಬೆರಳು ಆಡಲಿ ಅಂತ ಅಕ್ಕ ಹೆಸರುಕಾಳು ಆರಸಾಕ ಕೊಟ್ಲು, ಮಾಮಾ ಪರಾತ ಸರಿಸಿದ್ರು. ಅರಿವಿ ಒಣಹಾಕೂ ಕ್ಲಿಪ್ ಕೊಟ್ಲು, ಒಗದ್ರು. ರಬ್ಬರ್ ಚೆಂಡು ಕೊಟ್ಲು. "ನಾ ಏನು ಕೂಸೇನು?" ಅಂದ್ರು. ಮಾತು ತೊದಲತಿತ್ತು, ಸಿಟ್ಟು ಮಾತ್ರ ಸ್ವಚ್ಛ ಇತ್ತು. ಕಡೀಕ ಅಕ್ಕನ ಮಗಳು, ಶಿಗ್ಗಾಂವಕ್ಕ ಕೊಟ್ಟಾಕಿ, ಒಂದು ಆಟಿಗಿ ರೈಲಿನ ಸೆಟ್ ತಂದುಕೊಟ್ಟು ಹೋದ್ಲು. ಸಣ್ಣ ಸಣ್ಣ ಹಳಿ ತುಂಡು. ಒಂದಕ್ಕೊಂದು ಸಿಗಿಸಬೇಕು.

ಆವತ್ತು ಅಕ್ಕ ಫೋನ್‌ದಾಗ ಅತ್ತಬಿಟ್ಲು. "ಯವ್ವಾ, ಎಡಗೈಲೆ ಹಳಿ ಹಿಡದ್ರ!"

ಮಾಮಾ ಬೆವರು ಸುರಿಸಿ, ಹಲ್ಲು ಕಚ್ಚಿ, ಊಟದ ಟೇಬಲ್ ತುಂಬ ಹಳಿ ಹಾಸಿದ್ರಂತ. ಎಂಜಿನ್ ಇಟ್ರು. ಹಿಂದ ಡಬ್ಬಿ ಒಂದೊಂದ ಸಿಗಿಸಿದ್ರು. ಅಕ್ಕ ಸ್ವಿಚ್ ಒತ್ತಾಕ ಹೋದ್ಲು.

"ತಡಿ," ಅಂದ್ರು ಮಾಮಾ. ಗಾಡಿ ಕಡೀ ತುದಿ ನೋಡಿದ್ರು. "ಗಾರ್ಡ್ ಡಬ್ಬಿ ಎಲ್ಲೈತಿ?"

ಸೆಟ್‌ನ್ಯಾಗ ಇರಲಿಲ್ಲ. ಆಟಿಗಿ ಮಾಡವರಿಗೆ ಗಾರ್ಡ್ ಯಾಕ ಬೇಕು ಹೇಳ್ರಿ? ಎಂಜಿನ್ ಎಲ್ಲಾರ ಕಣ್ಣಿಗೂ ಕಾಣ್ತತಿ. ಹಿಂದ ನಿಂತವನ್ನ ಕೇಳವರ್ಯಾರು?

"ಗಾರ್ಡ್ ಡಬ್ಬಿ ಇಲ್ದ ಗಾಡಿ ಬಿಡಾಂಗಿಲ್ಲ," ಅಂದ್ರು. ಅಷ್ಟ. ಬಲಗೈಲೆ ಎಡಗೈ ಎತ್ತಿ ತೊಡಿ ಮ್ಯಾಲ ಇಟ್ಕೊಂಡ್ರು. ಮತ್ತ ಮುಟ್ಟಲಿಲ್ಲ. ಇದು ಆಟಿಗಿರಿ ಅಂತ ಅಕ್ಕ ತಿಳಿಸಿ ಹೇಳಿದ್ಲು, ಬೈದು ಹೇಳಿದ್ಲು, ಅತ್ತು ಹೇಳಿದ್ಲು. ಊಹೂಂ. ಜೀವನಪೂರ್ತಿ ಪಾಲಿಸಿದ ಕಾಯ್ದೆ ಊಟದ ಟೇಬಲ್ ಮ್ಯಾಲ ಬಂದ ಕೂಡಲೆ ಸಡಲ ಆಗ್ತತೇನು?

ವಾರ ಹೋತು. ಮುಂದಿನ ವಾರಾನೂ ಹೋತು. "ಬೆರಳು ಒಳಗ ಮಡಚಿಕೊಳ್ಳಾಕತ್ತಾವು," ಅಂದ್ಲು ಅಕ್ಕ. ನನಗ ಸಾಲ್ಯಾಗ ಪಾಠ ಹೇಳೂ ಮುಂದನೂ ಆ ಬೆರಳ ಕಣ್ಮುಂದ.

ಹಂಗಾಗಿ ನಾ ಆಟಿಗಿ ರೈಲಿನ ಆನ್‌ಲೈನ್ ಹರಾಜಿಗೆ ಇಳದೆ.

ಆ ಲೋಕಾನ ಬ್ಯಾರೆ ಬಿಡ್ರಿ. ಒಂದು ಎಂಜಿನ್ ಇತ್ತು. ಹೊಸಾದು, ಚಂದ ಓಡ್ತತಿ. ಕೇಳವರ ದಿಕ್ಕಿಲ್ಲ. ಅದರ ಬಾಜೂಕ ಅಂಥಾದ ಎಂಜಿನ್ನಿನ ಖಾಲಿ ರಟ್ಟಿನ ಪೆಟ್ಟಿಗಿ. ಒಳಗ ಏನೂ ಇಲ್ಲ ಅಂತ ದೊಡ್ಡ ಅಕ್ಷರದಾಗ ಬರದಾರ. ಅದಕ್ಕ ಮಂದಿ ಮುಗಿಬಿದ್ದಾರ! "ಕೆಟ್ಟೈತಿ, ನಡಿಯೂದಿಲ್ಲ, ಒಂದು ಗಾಲಿ ಕಳದೈತಿ" ಅನ್ನೂ ಗಾಡಿಗೆ ನಾ ಮುಂದ ತಾ ಮುಂದ. ಸ್ಟೇಶನ್‌ದಾಗ ನಿಲ್ಲಸೂವಂಥ ಬಟಾಣಿಕಾಳಿನಷ್ಟ ಗೊಂಬಿ ಮಂದಿ, ಅದರಾಗ ಒಬ್ಬಗ ತಲಿ ಇಲ್ಲ, ರೇಟು ಮಾತ್ರ ಒಂದು ಚೀಲ ಗೋವಿನಜೋಳದ್ದು! ನಮ್ಮ ರೈತ್ರು ನೋಡಿದ್ರ ಏನಂದಾರು?

ಆದ್ರ ಗಾರ್ಡ್ ಡಬ್ಬಿ ಸಿಗವಲ್ದು. ಊಟ ಮಾಡ್ಕೊಂತ ಹುಡುಕಿದೆ, ಬಸ್ಸಿನಾಗ ಹುಡುಕಿದೆ. ಕಡೀಕ ಒಂದಿನ ಕಂಡ್ತು. ಕಂದು ಬಣ್ಣ, ಹಿಂದ ನಿಂತು ಹಿಡಕೊಳ್ಳಾಕ ಸಣ್ಣ ಕಟಾಂಜನ, ಒಂದು ಕೆಂಪು ದೀಪ. ಅಲ್ಲೇ ಮಾಮಾ ನಿಂತಂಗ ಕಂಡ್ತು. ಕೂಗಿದೆ. (ಅಂದ್ರ ನನ್ನ ರೇಟು ಹಾಕಿ ಬಟನ್ ಒತ್ತಿದೆ.)

ಒತ್ತಿದ ಮ್ಯಾಲ ಹೆದರಿಕಿ ಶುರುವಾತು. ನಾ ಯಾವಾಗ ಹರಾಜು ಹಿಡದಾಕಿ? ಸಂತ್ಯಾಗ ಕೊತ್ತಂಬರಿ ಚೌಕಾಶಿ ಮಾಡಾಕೂ ನಮ್ಮನಿಯವರನ್ನ ಮುಂದ ಮಾಡೂ ಪೈಕಿ. ಹರಾಜು ಅಂದ್ರ ತಿಳದವರು ನಮ್ಮಾಗ ಒಬ್ಬರ: ಶಿಗ್ಗಾಂವದ ಬೀಗರು. ಅಕ್ಕನ ಮಗಳ ಮಾವನವರು. ಪ್ಯಾಟ್ಯಾಗ ಕಾಳುಕಡಿ ದಲಾಲಿ ಅಂಗಡಿ ಐತಿ. ರವಿವಾರ ಬಸ್ ಹತ್ತಿ ಹೋದೆ.

"ಬರ್ರಿ ಟೀಚರ್ರ, ಕುಂಡ್ರಿ," ಅಂದ್ರು. ಗಲ್ಲಾಪೆಟ್ಟಿಗಿ ಮ್ಯಾಲ ಅರಿಷಿಣ ಹಚ್ಚಿದ ತೆಂಗಿನಕಾಯಿ ಇತ್ತು. ಗುಡಿ ಸವಾಲಿನಾಗ, ಅಂದ್ರ ದೇವರ ಹರಾಜಿನಾಗ, ಹಿಡದದ್ದಂತ. ನಮ್ಮ ಕಡೆಯವರಿಗೆ ಗೊತ್ತಿರ್ತತಿ: ಪೂಜಿ ಮುಗದ ಮ್ಯಾಲ ದೇವರಿಗೆ ಏರಿಸಿದ ಕಾಯಿ, ಖಣ, ಬಾಳಿಗೊನಿ ಎಲ್ಲಾ ಸವಾಲಿಗೆ ಇಡತಾರ. ಅಂಗಡ್ಯಾಗ ಸಿಗೂ ರೇಟಿನ ಹತ್ತು ಪಟ್ಟಿಗೆ ಒಂದೊಂದು ಕಾಯಿ ಹೋಗ್ತತಿ.

ಮೊಬೈಲ್ ತೋರಿಸಿದೆ. ಬೀಗರು ಚಷ್ಮಾ ಏರಿಸಿ ನೋಡಿದ್ರು. ಮಾಮಾನ ಕೈ ಸುದ್ದಿ ಕೇಳಿ ಚಷ್ಮಾ ತಗದಿಟ್ರು. ಆಮ್ಯಾಲ ಅಂದ್ರು, "ನೋಡ್ರಿ ಟೀಚರ್ರ, ಹರಾಜಿಗೆ ಇಳಿಯೂಕಿಂತ ಮದ್ಲ ಮನಸಿನಾಗ ಒಂದು ಗೆರಿ ಹೊಡ್ಕೊರಿ. ಆ ಗೆರಿ ದಾಟಬ್ಯಾಡ್ರಿ. ದಾಟಿದವರು ಪ್ಯಾಟ್ಯಾಗ ಉಳದಿಲ್ಲ." ನಾ ಹೋಗೂ ಮುಂದ, "ಆ ಲಿಂಕ್ ನನಗೂ ಕಳಸ್ರಿ, ನೋಡತೇನಿ," ಅಂದ್ರು. ಕಳಿಸಿದೆ. ಅಕ್ಕಗೂ ಕಳಿಸಿದೆ, ಪಾಪ, ನೋಡಿ ಧೈರ್ಯ ತಂದ್ಕೊಳ್ಳಲಿ ಅಂತ. ಆಕಿ ಮೊಬೈಲ್‌ದಾಗ ಆ ಆ್ಯಪ್ ಹಾಕಿಕೊಟ್ಟಾಕೀನೂ ನಾನ.

ಮರುದಿನ ನೋಡತೇನಿ, ಯಾರೋ ನನ್ನ ರೇಟಿನ ಮ್ಯಾಲ ಏರಿಸ್ಯಾರ!

ಹೆಸರಿನ ಜಾಗಾದಾಗ ಬರೇ ಚುಕ್ಕಿ. ಆನ್‌ಲೈನ್ ಹರಾಜಿನಾಗ ಎದುರಿನವರ ಹೆಸರು ಹಂಗ ಮುಚ್ಚಿಟ್ಟಿರ್ತಾರ. ನಾ ಏರಿಸಿದೆ. ಚುಕ್ಕಿ ಸಾಹೇಬ್ರೂ ಏರಿಸಿದ್ರು. ಅದೂ ಹೆಂಗ? ಪ್ರತಿ ಸಲ ಮ್ಯಾಲೊಂದು ರೂಪಾಯಿ ಸೇರಿಸಿ, ಮದವ್ಯಾಗ ನೂರಾ ಒಂದು, ಐನೂರಾ ಒಂದು ಅಂತ ಮುಯ್ಯಿ ಓದಿಸಿದಂಗ. ಎಂಥಾ ಮನಷ್ಯಾರಿ ಇಂವ? ಒಂದು ರೂಪಾಯಿಲೆ ನನ್ನ ಅಣಕಸತಾನೇನು?

ನಿದ್ದಿ ಹೋತು. ಸ್ಟಾಫ್ ರೂಮಿನಾಗ ಮೊಬೈಲ್, ಅಡಗಿಮನ್ಯಾಗ ಮೊಬೈಲ್. ಒಮ್ಮೆ ಸಾರಿಗೆ ಉಪ್ಪು ಎರಡು ಸಲ ಬಿತ್ತು. "ನಿನ್ನ ಚುಕ್ಕಿ ಸಾಹೇಬ್ರನ್ನ ಊಟಕ್ಕ ಕರಿ, ಅವರ ಉಣ್ಣಲಿ," ಅಂದ್ರು ನಮ್ಮನಿಯವರು. ನಗು ಬರಲಿಲ್ಲ. ಅಕ್ಕ ದಿನಾ ಕೇಳಾಕಿ, "ಸಿಗ್ತತೇನ ತಂಗಿ?" ಸಿಗ್ತತಿ ಅಂತಿದ್ದೆ.

ಹರಾಜು ಮುಗಿಯೂ ದಿನ ನನಗ ಸವಣೂರಾಗ ಶಿಕ್ಷಕರ ತರಬೇತಿ. ಮುಗಿಸಿ, ಅಕ್ಕಗಂತ ಅಲ್ಲಿಯ ಹೆಸರುವಾಸಿ ಕುರುಕಲು ತಿಂಡಿ, ಖಾರಾ ತಗೊಂಡೆ. (ಸವಣೂರಿಗೆ ಹೋದವರು ಖಾರಾ ತರದ ಮನಿಗೆ ಬರಬಾರದು ಅನ್ನೂದು ನಮ್ಮನಿ ಕಾಯ್ದೆ.) ಬಸ್ ಸ್ಟ್ಯಾಂಡಿನಾಗ ಒಂದು ಕೈಯಾಗ ಖಾರಾದ ಪಾಕೀಟು, ಇನ್ನೊಂದು ಕೈಯಾಗ ಮೊಬೈಲ್. ಟೈಮ್ ಇಳಿಯಾಕತ್ತಿತ್ತು. ಏರಿಸಿದೆ. ಚುಕ್ಕಿ ಏರಿಸ್ತು. ಮತ್ತ ಏರಿಸಿದೆ. ಮತ್ತ ಏರಿಸ್ತು, ಮ್ಯಾಲೊಂದು ರೂಪಾಯಿ!

ನಾ ಮನಸಿನಾಗ ಹೊಡ್ಕೊಂಡ ಗೆರಿ ಬಂತು. ಬಟನ್ ಮ್ಯಾಲ ಬೆರಳು ಇಟ್ಟೆ. ಬೀಗರ ಮಾತು ನೆನಪಾತು. ದಾಟಿದವರು ಉಳದಿಲ್ಲ. ದಾಟಲಿಲ್ಲ. ಟೈಮ್ ಮುಗೀತು. ಡಬ್ಬಿ ಹೋತು.

ಅಲ್ಲೇ ಬೆಂಚಿನ ಮ್ಯಾಲ ಕುಂತು ಅತ್ತೆ. ಏನಾತ್ರಿ ಅಂತ ಬಾಜೂಕಿನ ಅಜ್ಜಿ ಕೇಳಿದ್ಲು. ಏನಂತ ಹೇಳ್ಲಿ? ಆಟಿಗಿ ಡಬ್ಬಿ ಕೈತಪ್ಪಿತು, ಅದಕ್ಕ ನಮ್ಮ ಮಾಮಾನ ಕೈ ಹೋಗ್ತತಿ ಅನ್ಲ್ಯಾ?

ಆವತ್ತು ಅಕ್ಕಗ ಫೋನ್ ಮಾಡಲಿಲ್ಲ. ಮರುದಿನ ಮುಂಜಾನೆ ಫೋನ್ ಬಂತು. ಅಕ್ಕಂದಲ್ಲ, ಬೀಗರದು. ದನಿ ಪೂರಾ ಗಾಬರಿ. "ಟೀಚರ್ರ, ಘಾತ ಆತು. ಆ ಡಬ್ಬಿ ನನಗ ಬಂದಬಿಟ್ಟೈತಲ್ರಿ!"

"ಅಂದ್ರ... ಅಷ್ಟು ದಿನ ಏರಿಸಿದವರು ನೀವ?"

"ನಾನ ರಿ. ಮತ್ಯಾರು? ಬೀಗರ ಪೈಕಿ ನೀವು ಕೂಗೀರಿ. ನಮ್ಮವರು ಕೂಗಿದ ಮ್ಯಾಲ ನಾವು ಸುಮ್ಮನ ಕುಂತ್ರ ಹೆಂಗ್ರಿ? ಸವಾಲಿನಾಗ ಹಂಗ ಮಾಡತೇವೇನು? ಏರಿಸಿ ಏರಿಸಿ ಮಾನ ಕೊಟ್ಟು, ಕಡೀ ಕೂಗು ನಿಮ್ಮದ ಅಂತ ಬಿಟ್ಟಿದ್ದೆ. ನೀವ ಗಪ್ ಆಗಿಬಿಟ್ರಲ್ಲ!"

"ಗೆರಿ ದಾಟಬ್ಯಾಡ ಅಂದವರು ನೀವ ಅಲ್ಲೇನ್ರಿ?" ಚೀರಿದೆ.

"ಅದು ಪ್ಯಾಟ್ಯಾಗಿನ ಮಾತ್ರಿ ಟೀಚರ್ರ. ಇದು ಮನಿತನದ ಮಾತು."

ಏನಂತೀರಿ ಇದಕ್ಕ? ಸಿಟ್ಟು ಮಾಡ್ಲ್ಯಾ, ನಗಲ್ಯಾ? ಎಲ್ಲೋ ದೂರದಾಗ ಕುಂತು ಡಬ್ಬಿ ಮಾರಿದ ಪುಣ್ಯಾತ್ಮ ಮಾತ್ರ ಇನ್ನೂ ತಲಿ ಕೆರಕೊಳ್ಳಾಕತ್ತಿರಬೇಕು: ಇಬ್ಬರು ಹುಚ್ಚರು ಒಂದು ಹಳೇ ಡಬ್ಬಿಗೆ ಇಷ್ಟ್ಯಾಕ ಬಡದಾಡಿದ್ರು? ಅದರಾಗೊಬ್ಬ ಪ್ರತಿ ಸಲ ಒಂದು ರೂಪಾಯಿ ಯಾಕ ಹಚ್ಚಿದ? ಬೀಗರು ನನ್ನ ಕಡಿಂದ ರೊಕ್ಕ ಮಾತ್ರ ಮುಟ್ಟಲಿಲ್ಲ. ಸವಾಲಿನಾಗ ಹಿಡದದ್ದಕ್ಕ ಪಾಲು ಇಲ್ಲಂತ.

ಪಾರ್ಸಲ್ ಬಂದ ದಿನ ಇಬ್ಬರೂ ಹಿರೇಕೆರೂರಿಗೆ ಹೋದ್ವಿ. ಅಕ್ಕ ಕೈ ಮುಗದು ನಿಂತಿದ್ಲು. ಮಾಮಾ ಬಲಗೈಲೆ ಡಬ್ಬಿ ಎತ್ತಿ ಹಿಂದ ಮುಂದ ನೋಡಿದ್ರು. ಕಣ್ಣು ಮಿಣಕ್ ಅಂದವು. ಹಳಿ ಮ್ಯಾಲ ಇಟ್ರು.

ಕುಂಡ್ರಲಿಲ್ಲ.

ಗಾಲಿ ಅಗಲ, ಹಳಿ ಕಿರಿದು. ಆಟಿಗಿ ರೈಲಿನಾಗೂ ಅಳತಿ ಬ್ಯಾರೆ ಬ್ಯಾರೆ ಇರ್ತಾವು ಅಂತ ನನಗೇನು ಗೊತ್ತು? ಬೀಗರಿಗೇನು ಗೊತ್ತು? ಬೀಗರು ಟೊಪ್ಪಿಗಿ ತಗದು ಕೈಯಾಗ ಹಿಡಕೊಂಡ್ರು.

"ಗೇಜ್ ಬ್ಯಾರೆ," ಅಂದ್ರು ಮಾಮಾ. ಮುಖದಾಗ ಸಿಟ್ಟಿಲ್ಲ, ನಗುವಿಲ್ಲ. ಡಬ್ಬಿ ಕಿಡಕ್ಯಾಗ ಇಟ್ರು. ಆಮ್ಯಾಲ ಬಲಗೈಲೆ ಒಂದೊಂದ ಹಳಿ ಕಿತ್ತು ಸೆಟ್ಟಿನ ಪೆಟ್ಟಿಗ್ಯಾಗ ತುಂಬಾಕತ್ತಿದ್ರು. ಮುಗೀತು ಅನಿಸ್ತು. ಚಹಾ ಹಂಗ ಬಿಟ್ಟು ಇಬ್ಬರೂ ಬಸ್ ಹತ್ತಿದ್ವಿ.

ಆದ್ರ ಬಿಡೂದು ಹೆಂಗ? ಆ ಡಬ್ಬಿಗೆ ಹೊಂದೂವಂಥ ಅಗಲ ಹಳಿ, ಎಂಜಿನ್ ಮತ್ತ ಹುಡುಕಾಕ ಶುರು ಮಾಡಿದೆ. ಮೊನ್ನೆ ಒಂದು ಸೆಟ್ ಸಿಕ್ತು. ಕೂಗಿದೆ. ಅಕ್ಕಗ ಬರೇ ಲಿಂಕ್ ಕಳಿಸಿದೆ, ಮಾತಾಡೂ ಧೈರ್ಯ ಇರಲಿಲ್ಲ.

ಅರ್ಧ ತಾಸಿನಾಗ ಚುಕ್ಕಿ! ಏರಿಸ್ಯಾರ!

ಈ ಸಲ ತಡೀಲಿಲ್ಲರಿ. ಫೋನ್ ಹಚ್ಚಿ ಬೀಗರಿಗೆ ಅಂದೆ, "ಕೈ ಮುಗೀತೇನಿ, ನಿಮ್ಮ ಮಾನ ಸಾಕು."

"ದೇವರಾಣಿ ನಾ ಅಲ್ರಿ ಟೀಚರ್ರ! ನಿಮ್ಮ ಫೋನ್ ಬಂದ ಮ್ಯಾಲನ ಮೊಬೈಲ್ ಗಲ್ಲಾದಾಗಿಂದ ತಗದೇನಿ. ಎಷ್ಟಕ್ಕ ಏರಿಸ್ಯಾರ ನೋಡ್ರಿ. ನಾ ಆಗಿದ್ರ ಮ್ಯಾಲೊಂದು ರೂಪಾಯಿ ಇರತಿತ್ತಿಲ್ಲೋ?"

ನೋಡಿದೆ. ಖರೇ. ಒಂದು ರೂಪಾಯಿ ಇರಲಿಲ್ಲ.

ಮತ್ತ ಯಾರು? ಅಕ್ಕಗ ಫೋನ್ ಮಾಡಿದೆ, ಇದೂ ಕೈತಪ್ಪಬಹುದು ಅಂತ ಮದ್ಲ ಹೇಳಿಬಿಡೂಣು ಅಂತ. ಎಷ್ಟೋ ಹೊತ್ತು ಎತ್ತಲಿಲ್ಲ. ಎತ್ತಿದಾಕಿ ಪಿಸುಗುಟ್ಟಿದ್ಲು.

"ಆಮ್ಯಾಲ ಮಾಡ ತಂಗಿ, ಈಗ ಬ್ಯಾಡ. ಮೊಬೈಲ್ ನಿಮ್ಮ ಮಾಮಾನ ಕೈಯಾಗ ಇತ್ತು, ಕಸಗೊಂಡು ಮಾತಾಡಾಕತ್ತೇನಿ. ಅದ್ಯಾವುದೋ ಹಳಿ ಹರಾಜು ಅಂತ. ಯಾವನೋ ಚುಕ್ಕಿ ಬೆನ್ನ ಹತ್ಯಾನ, ಬಿಡವಲ್ಲ ಅಂತ ಬೈಯಾಕತ್ತಾರ. ಬಲಗೈಲೆ ಮೊಬೈಲ್ ಹಿಡದಾರ, ಎಡಗೈಲೆ ಒತ್ತಾಕತ್ತಾರ. ಎಡಗೈಲೆ, ತಂಗಿ!"

ಹಿಂದಿನಿಂದ ಮಾಮಾನ ದನಿ ಕೇಳ್ತು, ತೊದಲಿದ್ರೂ ಸ್ವಚ್ಛ. "ಇಡ ಫೋನ್! ಅಂವ ಏರಿಸಿಬಿಡತಾನ!"

ಫೋನ್ ಇಟ್ಟೆ. ಕಣ್ಣೀರು ಒರಸ್ಕೊಂಡೆ. ಮತ್ತ ಏರಿಸಿದೆ. ಬೈಯಲಿ, ಎಡಗೈಲೆ ಒತ್ತಲಿ, ಕಡೀ ಕೂಗು ಹೆಂಗೂ ಅವರದ.

ನಮ್ಮವರು ಕೂಗಿದ ಮ್ಯಾಲ ನಾವು ಸುಮ್ಮನ ಕುಂತ್ರ ಹೆಂಗ್ರಿ?